ಹತ್ತೋದು ಬೇರೆ, ಒಳಕ್ಕೆ ಬರೋದು ಬೇರೆ

ಅಜ್ಜಿ ಮೂರನೇ ಸಲ ಬಿದ್ದ ಸುದ್ದಿ ಬಂದಾಗ ನಾನು ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಫೋನ್ ಮಾಡಿದ್ದು ಅಜ್ಜಿಯ ಸೊಸೆ. “ಮೇಡಂ, ನೀವು ಹಾಕ್ಸಿದ್ ಕಂಬಿ ಹಿಡ್ಕಂಡೇ ಬಿದ್ಬುಟ್ರು,” ಎಂದರು. ಅವರ ಮಾತಿನಲ್ಲಿ ದೂರು ಇತ್ತೋ ಇಲ್ಲವೋ ಗೊತ್ತಿಲ್ಲ, ನನಗಂತೂ ದೂರೇ ಕೇಳಿಸಿತು. ಎರಡನೇ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಪಾವಗಡದ ಬಸ್ ಹತ್ತಿದೆ.

ನಾನು ಫಿಸಿಯೋಥೆರಪಿಸ್ಟ್. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಒಮ್ಮೆ ಬಿದ್ದು ಎದ್ದಿರುವ ಹಿರಿಯರ ಮನೆಗೆ ಹೋಗಿ, ಅವರು ಮತ್ತೆ ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಚೀಲದಲ್ಲಿ ಅಳತೆ ಟೇಪು, ಬಿಪಿ ಯಂತ್ರ, ಸ್ಟಾಪ್‌ವಾಚು ಮತ್ತು ನಾಲ್ಕು ಪುಟದ ಒಂದು ಫಾರ್ಮು ಇರುತ್ತವೆ. ಆ ಫಾರ್ಮಿನ ಮೇಲೆ ನನಗೆ ಅಭಿಮಾನ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ನಾನೇ ಬರೆದದ್ದು. ದೀಪ, ನೆಲ, ಚಪ್ಪಲಿ, ಕಣ್ಣು, ಮಾತ್ರೆ ಎಲ್ಲಕ್ಕೂ ಅದರಲ್ಲಿ ಒಂದೊಂದು ಚೌಕವಿದೆ. ಎಲ್ಲ ಚೌಕಗಳಿಗೂ ಟಿಕ್ ಬಿದ್ದ ಮೇಲೆ ಮನುಷ್ಯರು ಬೀಳಬಾರದು ಎಂದು ನಾನು ಆಗ ನಂಬಿದ್ದೆ.

ಅಜ್ಜಿಯದು ಪಾವಗಡ ತಾಲ್ಲೂಕಿನಲ್ಲಿ, ನಿಡುಗಲ್ ಬೆಟ್ಟ ಎದುರಿಗೆ ಕಾಣುವ ಒಂದು ಊರು. ಮಗ, ಸೊಸೆ, ಎಮ್ಮೆ, ಕಡಲೆಕಾಯಿ ಹೊಲ, ಹೋಗಿ ಬರುವ ನೆಂಟರು, ಹೀಗೆ ತುಂಬಿದ ಮನೆ. ಆ ಊರಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕಿದವರು ಅವರೇ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತು, ಎರಡು ಕಾಲಿನ ನಡುವೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವುದರಲ್ಲಿ ಅವರದು ಎತ್ತಿದ ಕೈ. ವರ್ಷದ ಹಿಂದೆ ಅದೇ ಬಚ್ಚಲಲ್ಲಿ ಜಾರಿ, ಬಲಗಾಲಿನ ಮೂಳೆ ಸೊಂಟದ ಹತ್ತಿರ ಮುರಿದುಕೊಂಡಿದ್ದರು. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಕಾಲು ಕೂಡಿಕೊಂಡಿತು, ಬಲ ಮಾತ್ರ ಪೂರ್ತಿ ಮರಳಲಿಲ್ಲ. ಕೆಲವು ತಿಂಗಳ ಮೇಲೆ, ಮೊರದಲ್ಲಿ ಕಡಲೆಕಾಯಿ ಹಿಡಿದುಕೊಂಡು ಸಂಜೆ ಮನೆಯೊಳಗೆ ಬರುವಾಗ ಬಾಗಿಲಲ್ಲಿ ಹಿಂದಕ್ಕೆ ಬಿದ್ದರು. ನನ್ನನ್ನು ಕರೆಸಿದ್ದು ಆಗ.

ಮೊದಲ ಭೇಟಿಯಲ್ಲೇ ಅಜ್ಜಿ ನನ್ನ ಚೀಲ ನೋಡಿ, “ಇದ್ರಾಗೆ ಬೀಳ್ದಂಗಿರೋ ಮಾತ್ರೆ ಐತೇನಮ್ಮ?” ಎಂದು ಕೇಳಿದ್ದರು. ಇಲ್ಲ ಎಂದಾಗ, “ಮತ್ತೆ ಇಷ್ಟ್ ದಪ್ಪ ಚೀಲ ಯಾಕೆ?” ಎಂದರು. ತಮಾಷೆ ಮಾಡಿದ ಮೇಲೆ ಮೊಮ್ಮಗಳ ಮಾತು ತೆಗೆದರು. ಮೊಮ್ಮಗಳು ಐದು ತಿಂಗಳ ಬಸುರಿ. ಹೆರಿಗೆಗೆ ಇಲ್ಲಿಗೇ, ತವರಿಗೇ ಬರುವವಳು. “ಊರ್ ಕೂಸಿಗೆಲ್ಲ ನೀರ್ ಹಾಕಿವ್ನಿ. ನನ್ ಮೊಮ್ಮಗಳ ಕೂಸಿಗೆ ಬೇರೆಯೋರು ಹಾಕ್ತಾರಾ? ಅಷ್ಟೊತ್ಗೆ ನನ್ ಕಾಲ್ ರೆಡಿ ಮಾಡ್ಕೊಡು.” ಅಜ್ಜಿಗೆ ಬೇಕಾಗಿದ್ದದ್ದು ಅದೊಂದೇ. ಅಡುಗೆಮನೆಯಲ್ಲಿ ಸೊಸೆ ಪಾತ್ರೆ ಸ್ವಲ್ಪ ಜೋರಾಗಿ ಕುಕ್ಕಿದರು.

ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದೆ. ನಿಂತಾಗ ಇಳಿಯುತ್ತಿರಲಿಲ್ಲ. ತಲೆ ಸುತ್ತಿಸುವ ಮಾತ್ರೆ ಯಾವುದೂ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿ ಆಗಿತ್ತು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಇಪ್ಪತ್ತೊಂದು ಸೆಕೆಂಡು ತೆಗೆದುಕೊಂಡರು. ಏಳುವಾಗ ಭಾರವನ್ನೆಲ್ಲ ಎಡಗಾಲಿಗೆ ಹಾಕುತ್ತಿದ್ದರು. ಸವೆದ ಹವಾಯಿ ಚಪ್ಪಲಿ ಬದಲಾಯಿತು, ಬಾಗಿಲ ಮೇಲೆ ಬಲ್ಬು ಬಂತು, ಬಾಗಿಲ ಹೊರಗೆ ಎಡಗಡೆ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಬಂತು. ಬಲ ತೊಡೆಗೆ ವ್ಯಾಯಾಮ ಹೇಳಿಕೊಟ್ಟೆ. ಕೊನೆಗೆ ಹಿತ್ತಲ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಹತ್ತುವ ಇಳಿಯುವ ಪಾಠ ಮಾಡಿದೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಜ್ಜಿ ಎರಡೇ ಸಲಕ್ಕೆ ಕಲಿತರು. ನಾನು ಸಂತೋಷದಿಂದ ಟಿಕ್ ಹಾಕಿದೆ.

ಆರು ವಾರಗಳ ನಂತರ ಬಂದದ್ದು ಆ ಫೋನು.

ಮಧ್ಯಾಹ್ನದ ಹೊತ್ತಿಗೆ ಊರು ತಲುಪಿದೆ. ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಣಿಕಟ್ಟು ಊದಿತ್ತು. ಎಕ್ಸ್‌ರೇ ಆಗಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಅಸಲು ಸಂಗತಿಯನ್ನು ಸೊಸೆ ಹೇಳಿದರು. ಅಜ್ಜಿ ಮನೆಯವರ ಕಣ್ಣು ತಪ್ಪಿಸಿ ಮೂರನೇ ಮನೆಗೆ ಹೋಗಿ, ಅಲ್ಲಿನ ಹಸುಗೂಸಿಗೆ ನೀರು ಹಾಕಿ ಬಂದಿದ್ದರು. ದೀಪ ಹಚ್ಚುವ ಹೊತ್ತು. ಒಂದು ಕೈಯಲ್ಲಿ ಆ ಮನೆಯವರು ಕೊಟ್ಟ ಎಲೆ ಅಡಿಕೆ, ಇನ್ನೊಂದು ಕೈಯಲ್ಲಿ ನನ್ನ ಕಂಬಿ. ಹಾಗೇ ಹಿಂದಕ್ಕೆ ಬಿದ್ದಿದ್ದರು.

“ಮಂಚ ಬುಟ್ಟು ಇಳೀಬೇಡಿ ಅಂದ್ಬುಟ್ಟಿದೀನಿ,” ಎಂದರು ಸೊಸೆ. ಬೈಗುಳದ ದನಿಯಲ್ಲ, ಅಳು ತಡೆದ ದನಿ. “ಇನ್ನೊಂದ್ ಕಾಲೂ ಮುರಿದ್ರೆ ಏನ್ ಮಾಡ್ಲಿ? ಕೂಸು ಎತ್ಕಂಡು ಬಿದ್ರೆ? ನನ್ ಮಗಳ ಕೂಸು ಮೇಡಂ ಅದು. ಅತ್ತೆ ಕೈಗೆ ಕೊಡಲ್ಲ ನಾನು.”

ಅಜ್ಜಿ ಗೋಡೆಯ ಕಡೆ ಮುಖ ಮಾಡಿದರು. ಸೊಸೆಯ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಬಚ್ಚಲಲ್ಲಿ ಜಾರಿದ್ದನ್ನು ಬಿಟ್ಟರೆ, ಎರಡು ಸಲ ಬಿದ್ದದ್ದೂ ಅದೇ ಮುಂಬಾಗಿಲಲ್ಲಿ, ಎರಡು ಸಲವೂ ಒಳಗೆ ಬರುವಾಗ. ಹೊರಗೆ ಹೋಗುವಾಗ ಒಂದು ಸಲವೂ ಇಲ್ಲ. ಟೇಪು ಹಿಡಿದು ಬಾಗಿಲಿಗೆ ಹೋದೆ. ಬೀದಿಗೆ ಸಿಮೆಂಟು ಹಾಕಿದ ಮೇಲೆ ಮಳೆನೀರು ಮನೆಯೊಳಗೆ ನುಗ್ಗುತ್ತಿತ್ತಂತೆ. ಅದಕ್ಕೆ ಮಗ ಒಳಗಿನ ನೆಲವನ್ನು ಎತ್ತರಿಸಿ ಟೈಲ್ಸ್ ಹಾಕಿಸಿ, ಬಾಗಿಲನ್ನೂ ಮೇಲಕ್ಕೆತ್ತಿಸಿದ್ದ. ಹೊರಗಿನ ಕಲ್ಲು ಚಪ್ಪಡಿ ಮಾತ್ರ ಅಜ್ಜಿ ಮದುವೆಯಾಗಿ ಬಂದ ಕಾಲದ್ದು. ಬೀದಿಯಿಂದ ಚಪ್ಪಡಿಗೆ ಆರು ಇಂಚು. ಚಪ್ಪಡಿಯಿಂದ ಒಳನೆಲಕ್ಕೆ ಹನ್ನೆರಡು. ನಡುವೆ ಮೂರು ಇಂಚಿನ ಹೊಸ್ತಿಲು ಬೇರೆ. ಎತ್ತರ ಹೆಚ್ಚೇ. ಆದರೆ ಎಡಗಾಲು ಮೊದಲಿಟ್ಟು ಕಂಬಿ ಹಿಡಿದರೆ ಅಜ್ಜಿ ಹತ್ತಬಲ್ಲ ಎತ್ತರವೇ. ಮೊದಲ ಭೇಟಿಯಲ್ಲಿ ನಾನೇ ಹಾಗೆಂದು ಲೆಕ್ಕ ಹಾಕಿದ್ದೆ.

“ಒಳಕ್ ಬನ್ನಿ ಮೇಡಂ, ಕಾಫಿ ಆರೋಗ್ತದೆ,” ಎಂದು ಸೊಸೆ ಕರೆದರು.

ಕೈಯಲ್ಲಿ ಟೇಪು, ಫಾರ್ಮು. ಚಪ್ಪಡಿಯ ಮೇಲೆ ನನ್ನ ಎಡಗಾಲು ಮುಂದಿತ್ತು. ಅದನ್ನು ಹಿಂದಕ್ಕೆಳೆದುಕೊಂಡು, ಬಲಗಾಲನ್ನು ಮುಂದೆ ತಂದು, ಹೊಸ್ತಿಲು ದಾಟಿಸಿ ಒಳಗಿಟ್ಟೆ. ಮೈಯನ್ನು ಮೇಲಕ್ಕೆತ್ತುವಾಗ ಬಲ ತೊಡೆ ಬಿಗಿಯಿತು. ಅಲ್ಲೇ ನಿಂತೆ, ಒಂದು ಕಾಲು ಒಳಗೆ, ಒಂದು ಹೊರಗೆ. ಯಾಕೆ ಕಾಲು ಬದಲಾಯಿಸಿದೆ ನಾನು?

ಕೆಳಗಿಳಿದು ಎಡಗಾಲು ಮೊದಲಿಟ್ಟು ಹತ್ತಲು ನೋಡಿದೆ. ನನ್ನ ಮನೆಯೂ ಅಲ್ಲ, ಶುಕ್ರವಾರವೂ ಅಲ್ಲ, ಆದರೂ ಮನಸ್ಸಿಗೆ ಒಂಥರಾ ಆಯಿತು. ಹೊಸ್ತಿಲ ಮೇಲೆ ಬೆಳಗಿನ ಅರಿಶಿನ ಕುಂಕುಮ ಹಾಗೇ ಇತ್ತು. ಚಿಕ್ಕಂದಿನಲ್ಲಿ ನನ್ನಮ್ಮ ಇದಕ್ಕಾಗಿ ನನ್ನ ತಲೆಗೆ ಮೊಟಕಿದ್ದು ಎಷ್ಟು ಸಲವೋ. ಅಜ್ಜಿಗೆ ಮೆಟ್ಟಿಲ ಪಾಠ ಮಾಡಿದ್ದು ಹಿತ್ತಲಲ್ಲಿ. ಮುಂಬಾಗಿಲಲ್ಲಿ ಅವರು ಯಾವ ಕಾಲಿಡುತ್ತಾರೆ ಎಂದು ನಾನು ನೋಡಿಯೇ ಇರಲಿಲ್ಲ. ನಾನೂ ಅದೇ ಕಾಲಿಡುವವಳು, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ.

“ಅಜ್ಜಿ, ಒಳಗೆ ಬರುವಾಗ ಯಾವ ಕಾಲು ಮೊದಲಿಡ್ತೀರಿ?”

“ಇದೇನ್ ಕೇಳ್ತೀಯಾ? ಮನೆಗೆ ಬಲಗಾಲಲ್ದೆ ಇನ್ಯಾವ್ ಕಾಲಿಕ್ತಾರೆ?”

ಮುರಿದು ಕೂಡಿದ ಕಾಲು ಅದೇ. ಹಗಲಲ್ಲಿ, ಮೈಯಲ್ಲಿ ಕಸುವಿದ್ದಾಗ, ಎರಡೂ ಕೈ ಖಾಲಿ ಇದ್ದಾಗ ಹೇಗೋ ಬಾಗಿಲುವಾಡ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಿದ್ದರು. ದಣಿದು ಬಂದ ಸಂಜೆ, ಕೈಯಲ್ಲಿ ಏನಾದರೂ ಇದ್ದಾಗ, ಆ ಕಾಲು ಮೈಯನ್ನು ಅರ್ಧ ಎತ್ತಿ ಕೈ ಬಿಡುತ್ತಿತ್ತು.

ಕಾರಣ ಸಿಕ್ಕಿತಲ್ಲ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಇನ್ನೇನು, ಎಡಗಾಲು ಮೊದಲಿಡಿ ಎಂದರೆ ಮುಗಿಯಿತು. ಹಾಗೇ ಅಂದೆ.

“ಎಡಗಾಲಿಕ್ಕಿ ಬರ್ಲಾ? ಮೊಮ್ಮಗಳು ಹೊಟ್ಟೇಲಿ ಕೂಸಿಟ್ಕಂಡವ್ಳೆ ಕಣಮ್ಮ. ಈ ಮನೇಗ್ ಬಂದು ಅರವತ್ ವರ್ಷ ಆಯ್ತು. ಒಂದ್ ದಿನ ಎಡಗಾಲಿಕ್ಕಿಲ್ಲ.”

“ಬಿದ್ದರೆ ಕೂಸಿಗೆ ನೀರು ಹಾಕೋದೇ ಇಲ್ವಲ್ಲ ಅಜ್ಜಿ?”

“ಅದ್ಕೇ ಎಡಗಾಲಿಕ್ಕಿ ಕೂಸಿಗೆ ಕೇಡು ತರ್ಲಾ?”

ಹಾಗಾದರೆ ಹಿತ್ತಲ ಬಾಗಿಲಿಂದ ಓಡಾಡಿ ಎಂದೆ. ಅಲ್ಲಿ ಮೆಟ್ಟಿಲು ಸಣ್ಣದು, ಅವರೇ ಎಡಗಾಲಿಟ್ಟು ಹತ್ತುತ್ತಿದ್ದರು. ಹಿತ್ತಲಿಗೆ ಈ ಶಾಸ್ತ್ರವಿರಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನನ್ ಮನೇಗ್ ನಾನು ಹಿಂದಿಂದ ನುಗ್ಗೋಕೆ ಬೆಕ್ಕೇನಮ್ಮ?” ಎಂದರು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಅರ್ಧ ಗಂಟೆ ವಾದ ಮಾಡಿದೆ. ದನಿಯನ್ನೂ ಏರಿಸಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಕಡೆಗೆ ಅಜ್ಜಿ “ಆಯ್ತು ಬುಡು” ಎಂದರು. ಗೆದ್ದೆ ಎಂದುಕೊಂಡು ಬಸ್ ಹತ್ತಿದೆ.

ಎರಡು ವಾರ ಬಿಟ್ಟು ಹೋದಾಗ ಅಜ್ಜಿ ಬಿದ್ದಿರಲಿಲ್ಲ. ಬೀಳಲು ಅವರು ಹೊರಗೆ ಹೋಗಿದ್ದರೆ ತಾನೆ? ಹೊರಗೆ ಹೋದರೆ ಎಡಗಾಲಿಟ್ಟು ಒಳಗೆ ಬರಬೇಕು. ಅದರ ಬದಲು ಒಳಗೇ ಕೂತಿದ್ದರು. ಮಣಿಕಟ್ಟಿನ ಊತ ಇಳಿದಿತ್ತು, ಮುಖದಲ್ಲಿ ಗೆಲುವಿರಲಿಲ್ಲ. ಸ್ಟಾಪ್‌ವಾಚು ಹಿಡಿದೆ. ಇಪ್ಪತ್ತೊಂದು ಸೆಕೆಂಡು ಇಪ್ಪತ್ತೇಳಾಗಿತ್ತು. ಹೀಗೆ ಕೂತರೆ ಇನ್ನೆರಡು ತಿಂಗಳಲ್ಲಿ ಎಡಗಾಲೂ ಸೋಲುತ್ತದೆ, ಆಮೇಲೆ ಬಚ್ಚಲಿಗೆ ಹೋಗುವ ದಾರಿಯಲ್ಲೇ ಬೀಳುತ್ತಾರೆ. ಅವರನ್ನು ಮಂಚಕ್ಕೆ ಕಟ್ಟಿಹಾಕಿದ್ದು ಸೊಸೆಯಲ್ಲ, ನಾನು.

ಫಾರ್ಮನ್ನು ಚೀಲಕ್ಕೆ ತುರುಕಿ ಅಜ್ಜಿಯ ಪಕ್ಕ ಮಂಚದ ಮೇಲೆ ಕೂತೆ. “ತಪ್ಪಾಯ್ತು ಅಜ್ಜಿ. ಕಾಲಿನ ವಿಷಯ ಇನ್ನು ಎತ್ತಲ್ಲ. ಬಲಗಾಲಿಟ್ಟೇ ಬನ್ನಿ. ಆದರೆ ಬೀಳದ ಹಾಗೆ ಹೆಂಗೆ ಬರೋದು, ನೀವೇ ಹೇಳಿ.”

ಅಜ್ಜಿ ಬಾಗಿಲ ಕಡೆ ನೋಡಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, ನನಗಲ್ಲ, ಎಲೆಗೆ ಹೇಳುವಂತೆ ಹೇಳಿದರು: “ಹತ್ತೋದ್ ಬೇರೆ, ಒಳಕ್ ಬರೋದ್ ಬೇರೆ ಅಲ್ವಾ? ಮೊದ್ಲು ಅಂಗೇ ಇತ್ತು. ಹತ್ತಿ ನಿಂತ್ಕಂಡು, ಆಮೇಲೆ ಒಳಕ್ ಬತ್ತಿದ್ವಿ. ಈಗ ಎಲ್ಡೂ ಒಂದೇ ಕಿತ, ಒಂದೇ ಏಟ್ಗೆ ಮಾಡ್ಬೇಕು.”

ನಾನು ಓದಿ ಪಾಸಾದ ವಿದ್ಯೆ ಅಲ್ಲಿಯವರೆಗೆ ಆ ಬಾಗಿಲಲ್ಲಿ ಹತ್ತುವುದನ್ನು ಮಾತ್ರ ಕಂಡಿತ್ತು. ಮೊದಲು ಒಳನೆಲವೂ ಹೊರಗಿನ ಚಪ್ಪಡಿಯೂ ಒಂದೇ ಮಟ್ಟದಲ್ಲಿದ್ದವು. ಬೀದಿಯಿಂದ ಚಪ್ಪಡಿಗೆ ಯಾವ ಕಾಲಾದರೂ ಸರಿ, ಅದು ಇನ್ನೂ ಬೀದಿಯೇ. ಬಲಗಾಲು ಬೇಕಾಗಿದ್ದದ್ದು ಹೊಸ್ತಿಲು ದಾಟುವುದಕ್ಕೆ ಮಾತ್ರ, ಅಲ್ಲಿ ಮೈ ಎತ್ತುವ ಕೆಲಸವೇ ಇರಲಿಲ್ಲ. ನೆಲ ಎತ್ತರಿಸಿದ ಮೇಲೆ ಎರಡೂ ಸೇರಿ ಒಂದಾಗಿದ್ದವು. ಅಲ್ಲೇ ತೀರ್ಮಾನಿಸಿದೆ: ಅಜ್ಜಿಯನ್ನು ಬದಲಾಯಿಸುವುದು ಬೇಡ, ಕಲ್ಲನ್ನು ಬದಲಾಯಿಸೋಣ.

ಮಗ ಒಪ್ಪಿ ಗಾರೆ ಕೆಲಸದವರನ್ನು ಕರೆಸಿದ. ಬಂದವರು ಆಂಧ್ರದ ಗಡಿಯ ಕಡೆಯವರು, ಮಾತಲ್ಲಿ ತೆಲುಗು ಕನ್ನಡ ಎರಡೂ ಬೆರೆತಿರುತ್ತಿದ್ದವು. ನನ್ನ ಟೇಪಿನತ್ತ ನೋಡದೆ ಚಪ್ಪಡಿಯಿಂದ ಒಳನೆಲದ ಎತ್ತರವನ್ನು ಕೈಯಲ್ಲೇ ಅಳೆದು, “ಗೇಣು ನಾಲಕ್ ಬೆಟ್ಟು,” ಎಂದರು. ಟೇಪು ಹನ್ನೆರಡು ಇಂಚು ತೋರಿಸಿತು. ಹೊಸ್ತಿಲ ಹೊರಗೆ ಒಳನೆಲದ ಮಟ್ಟಕ್ಕೆ ಒಂದು ಕಟ್ಟೆ, ಅಜ್ಜಿ ಎರಡೂ ಕಾಲೂರಿ ನಿಂತು ಉಸಿರು ಬಿಡುವಷ್ಟು ಅಗಲ. ಅದಕ್ಕೆ ನಾಲ್ಕೂವರೆ ಇಂಚಿನ ತಗ್ಗು ಮೆಟ್ಟಿಲುಗಳು. ಎರಡು ಸಾಕೇ ಎಂದು ಪರೀಕ್ಷಿಸಲೆಂದೇ ಕೇಳಿದೆ.

“ಎರಡಾ? ಸರಿಸಂಖ್ಯೆ ಮೆಟ್ಲು ನಾನ್ ಕಟ್ಟಲ್ಲಮ್ಮ. ಮೂರ್ ಹಾಕ್ತೀನಿ. ಅಂತೇ, ಅಷ್ಟೇ.”

ಬೀದಿಯಿಂದ ಒಟ್ಟು ಹದಿನೆಂಟು ಇಂಚು, ಮೂರು ಮೆಟ್ಟಿಲು ಹತ್ತಿ ನಾಲ್ಕನೇ ಹೆಜ್ಜೆಗೆ ಕಟ್ಟೆ; ನನ್ನ ಲೆಕ್ಕಕ್ಕೂ ಮೂರೇ ಬೇಕಾಗಿತ್ತು. ಸುಮ್ಮನೆ ತಲೆಯಾಡಿಸಿದೆ. ಜಗಳವಾದದ್ದು ಮೇಲಿನ ಫಿನಿಶಿಂಗಿಗೆ. ಅವರು ಹೊಳೆಯುವ ಹಾಗೆ ನುಣ್ಣಗೆ ಉಜ್ಜಲು ಹೊರಟಿದ್ದರು. ಒದ್ದೆ ಕಾಲಿಗೆ ಜಾರುತ್ತದೆ, ಒರಟಾಗಿರಲಿ ಎಂದೆ. ಒರಟು ಬಿಟ್ಟರೆ ನನ್ನ ಕೈಗೆ ಮರ್ಯಾದೆ ಇಲ್ಲ ಎಂದರು. ಕೊನೆಗೆ ಹಸಿ ಸಿಮೆಂಟಿನ ಮೇಲೆ ದಾರ ಒತ್ತಿ ಚೌಕಳಿ ಗೆರೆ ಎಳೆದರು. ಪ್ರತಿ ಮೆಟ್ಟಿಲಿನ ಅಂಚಿಗೆ, ಕಣ್ಣಿಗೆ ಹೊಡೆಯಲೆಂದು ಹಳದಿ ಪಟ್ಟಿ. ಕಂಬಿ ಕೆಳಗಿನ ಮೆಟ್ಟಿಲಿನಿಂದ ಬಾಗಿಲವರೆಗೂ ಉದ್ದವಾಯಿತು.

ಒದ್ದೆ ಗೋಣಿಚೀಲ ಹೊದಿಸಿ ಕಟ್ಟೆಯನ್ನು ಹತ್ತು ದಿನ ಬಿಟ್ಟರು. ಆ ಹತ್ತು ದಿನ ಮನೆಯವರೆಲ್ಲ ಹಿತ್ತಲಿಂದಲೇ ಓಡಾಡಿದರು, ಬೆಕ್ಕಲ್ಲದ ಅಜ್ಜಿಯೂ. ನಾನು ಆ ವಾರ ಸಿರಾದಲ್ಲಿ, ಎರಡು ಸಲ ಬಿದ್ದಿದ್ದ ಒಬ್ಬ ಮುಸ್ಲಿಂ ತಾತನ ಮನೆಗೆ ಹೋಗಿದ್ದೆ. ಮೊದಲ ಪ್ರಶ್ನೆಯಾಗಿ ಕಾಲಿನದೇ ಕೇಳಿದೆ. ತಾತ ನಕ್ಕು, “ಮನೆಗೆ ಬಲಗಾಲು ಬೇಟಿ, ಪಾಯಖಾನೆಗೆ ಎಡಗಾಲು,” ಎಂದರು. ಅವರದು ಸೋತದ್ದು ಎಡ ಮಂಡಿ. ಬಿದ್ದದ್ದು ಎರಡು ಸಲವೂ ಪಾಯಖಾನೆಯ ಮೆಟ್ಟಿಲಲ್ಲಿ. ಫಾರ್ಮಿನ ಅಂಚಿನಲ್ಲಿ ಪೆನ್ನಿನಿಂದ ಒಂದು ಹೊಸ ಚೌಕ ಬರೆದುಕೊಂಡೆ.

ಕಟ್ಟೆ ಒಣಗಿದ ಮೇಲೆ ಅಭ್ಯಾಸ ಶುರುವಾಯಿತು. ಎಡಗಾಲು ಮೆಟ್ಟಿಲಿಗೆ, ಬಲಗಾಲು ಅದರ ಪಕ್ಕಕ್ಕೆ. ಮತ್ತೆ ಎಡ, ಮತ್ತೆ ಬಲ. ಕಟ್ಟೆಯ ಮೇಲೆ ನಿಂತು ಉಸಿರು. ಆಮೇಲೆ ಎಡಗೈಯಲ್ಲಿ ಕಂಬಿ ಹಿಡಿದು ಬಲಗಾಲು ಹೊಸ್ತಿಲಾಚೆಗೆ. ಒಂದು ಕಷ್ಟ ಉಳಿದಿತ್ತು. ಹಿಂದಿನ ಎಡಗಾಲು ಹೊಸ್ತಿಲು ದಾಟುವ ಆ ಒಂದು ಕ್ಷಣ ಪೂರ್ತಿ ಭಾರ ಬಲಗಾಲಿನ ಮೇಲೆ ಬೀಳುತ್ತದೆ. ಅದಕ್ಕಾಗಿ ಅಡುಗೆಮನೆಯ ಕಟ್ಟೆ ಹಿಡಿದು ಬಲಗಾಲಲ್ಲಿ ಮಾತ್ರ ನಿಲ್ಲುವ ವ್ಯಾಯಾಮ ಕೊಟ್ಟೆ. ಹತ್ತು ಎಣಿಸಿ ಎಂದೆ. ಅಜ್ಜಿ ಎಣಿಸಿದ್ದು ಚೊಂಬುಗಳನ್ನು. “ಒಂದ್ ಚೊಂಬು ತಲೆಗೆ, ಎಲ್ಡ್ ಚೊಂಬು ಬೆನ್ನಿಗೆ, ಮೂರ್ ಚೊಂಬು...” ಮೊದಲ ವಾರ ಮೂರು ಚೊಂಬಿಗೆ ಕಾಲು ನಡುಗುತ್ತಿತ್ತು. ಎರಡು ತಿಂಗಳಲ್ಲಿ ಹತ್ತಕ್ಕೆ ಮುಟ್ಟಿದರು.

ಇನ್ನೊಂದು ಪರೀಕ್ಷೆ ಸೊಸೆಗೆ ಧೈರ್ಯ ಬರಲೆಂದು. ಅಜ್ಜಿಗೆ ಹಾಕಿದ್ದು ರಾಡ್ ಮಾತ್ರ, ಸೊಂಟದ ಕೀಲು ಬದಲಾಯಿಸಿರಲಿಲ್ಲ, ಆದ್ದರಿಂದ ಕೆಳಗೆ ಕೂರಬಹುದು ಎಂದು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಬಚ್ಚಲಿಗೆ ಒರಟು ಚಾಪೆ, ಗೋಡೆಗೆ ಒಂದು ಹಿಡಿ, ಸ್ವಲ್ಪ ಎತ್ತರದ ಮಣೆ. ಕೂಸಿನ ಬದಲಿಗೆ ಪಂಚೆಯಲ್ಲಿ ಕಟ್ಟಿದ ಮೂರು ಕೆಜಿ ರಾಗಿ. ಅಜ್ಜಿ ಕೂರಬೇಕು, ಸೊಸೆ ಅವರ ಕೈಗೆ ರಾಗಿ ಗಂಟು ಕೊಡಬೇಕು, ಕೆಲಸ ಮುಗಿದ ಮೇಲೆ ಸೊಸೆಯೇ ತೆಗೆದುಕೊಳ್ಳಬೇಕು, ಆಮೇಲೆ ಅಜ್ಜಿ ಏಳಬೇಕು. ಕೂಸು ಹಿಡಿದು ಒಂದು ಹೆಜ್ಜೆಯೂ ಇಡುವಂತಿಲ್ಲ. ಇದು ನಾನು ಹಾಕಿದ ಒಂದೇ ಷರತ್ತು.

“ರಾಗಿಗೆ ಎಣ್ಣೆ ತಿಕ್ಸಿದೋಳು ನೀನೊಬ್ಳೇ ಕಣಮ್ಮ,” ಎಂದರು ಅಜ್ಜಿ. ಆದರೂ ಗಂಟಿನ ತಲೆಯ ಭಾಗಕ್ಕೆ ಕೈ ಕೊಟ್ಟೇ ಹಿಡಿದಿದ್ದರು. ಅದನ್ನು ನೋಡಿದ ಸೊಸೆಯ ಮುಖ ಮೊದಲ ಬಾರಿಗೆ ಸಡಿಲಾಯಿತು. “ನೋಡಾನ,” ಎಂದರು. ಕೊಡುತ್ತೇನೆ ಎನ್ನಲಿಲ್ಲ.

ಮೊಮ್ಮಗಳಿಗೆ ಹೆಣ್ಣು ಕೂಸಾಯಿತು, ಆಪರೇಷನ್ ಮಾಡಿ ತೆಗೆದದ್ದು. ಆಸ್ಪತ್ರೆಯಿಂದ ಮನೆಗೆ ಬರುವ ದಿನ ನನ್ನನ್ನೂ ಕರೆದಿದ್ದರು. ಆಟೋ ನಿಂತಾಗ ಅಜ್ಜಿ ಆಗಲೇ ಮೇಲಿನ ಕಟ್ಟೆಯಲ್ಲಿ ಕಂಬಿ ಹಿಡಿದು ನಿಂತಿದ್ದರು. ಸೊಸೆ ಆರತಿ ತಟ್ಟೆ ಹಿಡಿದಿದ್ದರು. ಮೊಮ್ಮಗಳು ಹೊಟ್ಟೆಯ ಹೊಲಿಗೆಯ ನೋವಿಗೆ ಸ್ವಲ್ಪ ಬಗ್ಗಿ ನಡೆಯುತ್ತಾ ಕೂಸನ್ನೆತ್ತಿಕೊಂಡು ಬಂದವಳು ಮೊದಲ ಮೆಟ್ಟಿಲ ಮುಂದೆ ಅನುಮಾನಿಸಿ ನಿಂತಳು. ಕಾಲು ಬದಲಾಯಿಸಲು ಹೋದಳು.

“ಹತ್ತೋಕೆ ಯಾವ್ ಕಾಲಾದ್ರೂ ಇಕ್ಕವ್ವ,” ಎಂದು ಅಜ್ಜಿ ಮೇಲಿಂದ ಕೂಗಿದರು. “ಅದಿನ್ನೂ ಬೀದಿ. ಹೊಸ್ಲಿಗೆ ಬಂದಾಗ ಬಲಗಾಲಿಕ್ಕೀವಂತೆ.”

ಆರತಿಯಾಯಿತು. ಮೊಮ್ಮಗಳು ಬಲಗಾಲಿಟ್ಟು ಒಳಗೆ ಹೋದಳು. ಅವಳ ಹಿಂದೆ ಅಜ್ಜಿ ಹೋದರು, ಅವರೂ ಬಲಗಾಲಿಟ್ಟು. ಹಿಂದಿನ ಎಡಗಾಲು ಹೊಸ್ತಿಲನ್ನು ಸೋಕದೆ ದಾಟಿತು.

ಮಾರನೇ ದಿನ ಕೂಸಿಗೆ ನೀರು. ಹಿಂದಿನ ದಿನ ಪಾವಗಡದಲ್ಲೇ ಉಳಿದಿದ್ದೆ, ಬೇಗ ಹೋದೆ. ಅಜ್ಜಿ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಎರಡೂ ಕೈ ಮುಂದೆ ಹಿಡಿದಿದ್ದರು. ಸೊಸೆ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತರು. ಒಂದು ನಿಮಿಷ ಹಾಗೇ ನಿಂತರು. ಆಮೇಲೆ ಸೊಸೆ ಬಗ್ಗಿ ಕೂಸನ್ನು ಅತ್ತೆಯ ಕಾಲುಗಳ ನಡುವೆ ಮಲಗಿಸಿದರು. ಮೈಯನ್ನು ಒಂದು ಗೇಣು ಎತ್ತಲಾರದೆ ಕೈಕೊಡುತ್ತಿದ್ದ ಆ ಬಲಗಾಲು ಕೂಸನ್ನು ಒಂದಿಷ್ಟೂ ಅಲುಗದ ಹಾಗೆ ಆತುಕೊಂಡಿತ್ತು. ಕೂಸು ಮೊದಲ ಚೊಂಬಿಗೆ ಕಿಟಾರನೆ ಅತ್ತಿತು, ಮೂರನೆಯದಕ್ಕೆ ಸುಮ್ಮನಾಯಿತು. ನನಗೆ ಕಣ್ಣಲ್ಲಿ ನೀರು ಬಂತು, ನೀರೊಲೆಯ ಹೊಗೆ ಎಂದೆ.

ಸೊಸೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. ಅಜ್ಜಿ ಗೋಡೆಯ ಹಿಡಿ ಹಿಡಿದು, ಎಡಗಾಲನ್ನು ಮಡಚಿ ಊರಿ, ಮೆಲ್ಲಗೆ ಎದ್ದರು. ಸೊಸೆಯ ಒಂದು ಕೈ ತಾನಾಗಿ ಮುಂದೆ ಬಂತು, ಆದರೆ ಅವರು ಮುಟ್ಟಲಿಲ್ಲ, ಹಿಂದಕ್ಕೆ ತೆಗೆದುಕೊಂಡರು. ಬಚ್ಚಲಿನ ಸಣ್ಣ ಮೆಟ್ಟಿಲ ಹತ್ತಿರ ಅಜ್ಜಿ ಒಂದು ಗಳಿಗೆ ನಿಂತರು. ನನಗೆ ಬಾಯಿ ಸುಮ್ಮನಿರಬೇಕಲ್ಲ.

“ಬಚ್ಚಲಿಂದ ಬರೋಕೆ ಯಾವ ಕಾಲು ಅಜ್ಜಿ?”

“ಬಚ್ಲಿಗೆ ಯಾವ್ ಶಾಸ್ತ್ರನೇ ತಾಯಿ? ಬೀಳ್ದೇ ಇರೋ ಕಾಲು,” ಎಂದು ಅಜ್ಜಿ ಎಡಗಾಲು ಮೇಲಿಟ್ಟರು.